ಖುಲಾಸೆಯಾಗಿ ಬಂದವರಿಗೆ ಪರಿಹಾರ ತಾನಾಗಿ ಬರುತ್ತದಾ?

ಪ್ರಶ್ನೆ: ಕೊಲೆ ಕೇಸಿನಲ್ಲಿ ಶಿಕ್ಷೆಯಾಗಿದ್ದ ನಮ್ಮ ಮಾವ ಹನ್ನೊಂದು ವರ್ಷದ ಮೇಲೆ ಹೈಕೋರ್ಟಿನಲ್ಲಿ ಖುಲಾಸೆಯಾಗಿ ಬಂದು ಎರಡು ತಿಂಗಳಾಯ್ತು. ಈಗ ಅಮ್ಮನ ಜೊತೆ ನಮ್ಮ ಮನೆಯಲ್ಲೇ ಇದ್ದಾರೆ. ಸರಕಾರ ಪರಿಹಾರ ಕೊಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕಾದರೆ ಬರುತ್ತದಾ?
(ಮೂಡುಬಿದಿರೆ ಕಡೆಯ ಓದುಗರು)

ಉತ್ತರ: ಕಾದರೆ ಬರುವುದಿಲ್ಲ, ಕೇಳಿದರೆ ಬರಬಹುದು. ಖುಲಾಸೆಯಾದವರಿಗೆ ಇಂತಿಷ್ಟು ಕೊಡಲೇಬೇಕು ಎನ್ನುವ ಕಾಯ್ದೆ ನಮ್ಮಲ್ಲಿಲ್ಲ. ಅಂಥದ್ದೊಂದು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಹೇಳಿತು. ಅದು ವರದಿಯಾಗಿಯೇ ಉಳಿದಿರುವುದು ದೊಡ್ಡ ಅನ್ಯಾಯ.

ಹಾಗಾಗಿ ಇದುವರೆಗೆ ಸಿಕ್ಕಿದ್ದೆಲ್ಲ ಕೋರ್ಟುಗಳು ಕೇಸು ನೋಡಿ ಕೊಡಿಸಿದ್ದು. ಬಿಹಾರದಲ್ಲಿ ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಉಳಿದ ರುದುಲ್ ಸಾಹ್ ಅವರಿಗೆ ಸುಪ್ರೀಂ ಕೋರ್ಟ್ 1983ರಲ್ಲಿ ಕೊಡಿಸಿದ್ದು ಒಟ್ಟು 35 ಸಾವಿರ ರೂಪಾಯಿ. ಮಹಾರಾಷ್ಟ್ರದಲ್ಲಿ ಗಲ್ಲು ಶಿಕ್ಷೆಯಾಗಿದ್ದ ಆರು ಮಂದಿಯನ್ನು 2019ರಲ್ಲಿ ಬಿಡುಗಡೆ ಮಾಡಿ, ತಲಾ 5 ಲಕ್ಷ ಕೊಡಬೇಕೆಂದಿತು. ಪಕ್ಕದ ಕೊಡಗಿನಲ್ಲಿ ಹೆಂಡತಿಯನ್ನು ಕೊಂದ ಆರೋಪದಲ್ಲಿ ಜೈಲು ಸೇರಿದ್ದವರೊಬ್ಬರ ಹೆಂಡತಿ 2025ರಲ್ಲಿ ಜೀವಂತ ಸಿಕ್ಕಿದರು. ಮೈಸೂರಿನ ಕೋರ್ಟ್ ಆ ಗಂಡನಿಗೆ 1 ಲಕ್ಷ ಕೊಡಲು ಹೇಳಿತು.

ಈಗ ನಿಮಗೆ ತುರ್ತಾದ ಮಾತು. ದುರುದ್ದೇಶದಿಂದ ಕೇಸು ಹಾಕಿದರೆಂದು ಸಿವಿಲ್ ದಾವೆ ಹೂಡುವುದಾದರೆ, ಖುಲಾಸೆಯಾದ ದಿನದಿಂದ ಒಂದೇ ವರ್ಷದ ಗಡುವು. ಎರಡು ತಿಂಗಳು ಆಗಲೇ ಹೋಗಿದೆ. ಬದುಕುವ ಹಕ್ಕಿಗೆ ಧಕ್ಕೆಯಾಯಿತೆಂದು ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದು ಇನ್ನೊಂದು ದಾರಿ. ಅಲ್ಲೂ ತಡ ಮಾಡಿದಷ್ಟು ಕಷ್ಟ. ತೀರ್ಪಿನ ಸರ್ಟಿಫೈಡ್ ಕಾಪಿ ತರಿಸಿ ವಕೀಲರಿಂದ ಓದಿಸಿ. ‘ಸಂಶಯದ ಲಾಭ’ ಎಂದು ಬಿಟ್ಟಿದ್ದಾರೋ, ಸಾಕ್ಷ್ಯವೇ ಸುಳ್ಳೆಂದಿದ್ದಾರೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಜೈಲಿನಲ್ಲಿ ಎಷ್ಟು ದಿನ ಇದ್ದರು ಎಂಬ ದಾಖಲೆಯೂ ಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಆದಾಯ ಮಿತಿಯೊಳಗಿದ್ದರೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಪರಿಹಾರದ ಗುಂಗಿನಲ್ಲಿ ಮನೆಯವರು ಮರೆಯುವುದು ಅವರದೇ ಹಳೆಯ ದುಡ್ಡನ್ನು. ಮಾವನ ಪಾಸ್‌ಬುಕ್ ಹುಡುಕಿ. ಅದರಲ್ಲಿ ವಿಜಯಾ ಬ್ಯಾಂಕ್ ಎಂದಿದ್ದರೆ ಈಗ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಬೇಕು. ಕಾರ್ಪೊರೇಷನ್ ಬ್ಯಾಂಕ್ ಆಗಿದ್ದರೆ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಆಗಿದ್ದರೆ ಕೆನರಾಕ್ಕೆ. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಹುಟ್ಟಿದ ಈ ಮೂರೂ ಬ್ಯಾಂಕುಗಳು ಅವರು ಒಳಗಿದ್ದಾಗಲೇ ಇಲ್ಲವಾದವು, ಪಾಪ ಅವರಿಗೆ ಯಾರು ಹೇಳಿದ್ದಾರೆ? ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ಆದರೆ ಮುಳುಗುವುದಿಲ್ಲ. ಬ್ಯಾಂಕಿನಲ್ಲೇ ಅರ್ಜಿ ಕೊಟ್ಟು ವಾಪಸ್ ಪಡೆಯಬಹುದು. ರೇಷನ್ ಕಾರ್ಡ್, ವೋಟರ್ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ.

ಮನೆಯೊಳಗಿನ ವಿಚಾರ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬ್ರಿಟನ್ನಿನ ಮನೋವೈದ್ಯ ಏಡ್ರಿಯನ್ ಗ್ರೌಂಡ್ಸ್, ತಪ್ಪಾಗಿ ಶಿಕ್ಷೆ ಅನುಭವಿಸಿ ಬಂದ 18 ಗಂಡಸರನ್ನು ಪರೀಕ್ಷಿಸಿ 2004ರಲ್ಲಿ ಬರೆದರು. 14 ಮಂದಿಯ ಸ್ವಭಾವವೇ ಶಾಶ್ವತವಾಗಿ ಬದಲಾಗಿತ್ತು. ಯುದ್ಧ, ಚಿತ್ರಹಿಂಸೆ ಕಂಡವರಲ್ಲಿ ಆಗುವಂಥ ಬದಲಾವಣೆ ಅದು. ಹಾಗಾಗಿ ಮಾವ ಮಾತು ಕಡಿಮೆ ಮಾಡಿದರೆ, ಸಣ್ಣದಕ್ಕೂ ಸಿಡುಕಿದರೆ, ಅದು ಕೃತಘ್ನತೆಯಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ. ಆದರೆ ಕರೆ ಮಾಡುವ ಮೊದಲು ಅವರನ್ನೇ ಕೇಳಿ.

ಊರಿನಲ್ಲಿ ಯಾರಾದರೂ, ಆಣೆ ಪ್ರಮಾಣಕ್ಕೆ ಹೆಸರಾದ ಕಾಸರಗೋಡು ಕಡೆಯ ದೈವಸ್ಥಾನವನ್ನು ನೆನೆದು, ‘ಕಾನತ್ತೂರಿಗೆ ಹೋಗಿ ಪ್ರಮಾಣ ಮಾಡಲಿ’ ಎಂದಾರು. ದೈವದ ಮುಂದೆ ನಿಲ್ಲಬೇಕೆಂದು ಅವರಿಗೇ ಅನಿಸಿದರೆ ಜೊತೆಗೆ ಹೋಗಿ. ಊರಿನ ಬಾಯಿ ಮುಚ್ಚಿಸಲೆಂದು ಮಾತ್ರ ಕಳಿಸಬೇಡಿ. ಹನ್ನೊಂದು ವರ್ಷ ಪರೀಕ್ಷೆಯಲ್ಲೇ ಕಳೆದವರಿಗೆ ಇನ್ನೊಂದು ಪರೀಕ್ಷೆ ಬೇಡ.

ಏಳುವುದು, ಉಣ್ಣುವುದು, ಮಲಗುವುದು, ಎಲ್ಲವನ್ನೂ ಇಷ್ಟು ವರ್ಷ ಬೇರೆಯವರೇ ನಿಶ್ಚಯಿಸಿದ್ದರು. ಈಗ ಪ್ರೀತಿಯಿಂದಲೇ ಆದರೂ ನೀವು ನಿಶ್ಚಯಿಸಬೇಡಿ. ವಕೀಲರನ್ನು ನೋಡಲು ಮಂಗಳೂರಿಗೆ ಹೋಗುವಾಗ ಬಸ್ಸಿನ ದುಡ್ಡು ಅವರ ಕೈಯಲ್ಲೇ ಇರಲಿ. ಚಿಲ್ಲರೆ ಎಣಿಸಲು ತಡವಾದರೆ ಕಂಡಕ್ಟರ್ ಕಾಯಲಿ.