ಕಪ್ಪು ಬಣ್ಣಕ್ಕೆ ಸೋಲುವ ಪರದೆ

ರಾತ್ರಿ ದೀಪ ಆರಿಸಿ ಟಿವಿಯಲ್ಲಿ ಕತ್ತಲೆಯ ದೃಶ್ಯವೊಂದನ್ನು ನೋಡಿ. ಅಗ್ಗದ ಪರದೆಯಾದರೆ ಅಲ್ಲಿ ಕಾಣುವುದು ಕಪ್ಪಲ್ಲ, ಬೂದಿ ಬಣ್ಣ. ಸೋಫಾದ ಮೂಲೆಗೆ ಸರಿದು ಕುಳಿತರೆ ಅದು ಇನ್ನಷ್ಟು ಪೇಲವ. ಮೇಜನ್ನೆಲ್ಲ ಆಕ್ರಮಿಸುತ್ತಿದ್ದ ಹಳೆಯ ಡಬ್ಬಿ ಟಿವಿಯನ್ನು ಯಾವ ಮೂಲೆಯಿಂದ ನೋಡಿದರೂ ಚಿತ್ರ ಹೀಗೆ ಬಿಳಿಚಿಕೊಳ್ಳುತ್ತಿರಲಿಲ್ಲ.

ಈ ಕಾಯಿಲೆಯ ಮೂಲ 1888ರಷ್ಟು ಹಳೆಯದು. ಪ್ರಾಗ್‌ನಲ್ಲಿದ್ದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್, ಕೊಲೆಸ್ಟರಾಲ್‌ನಿಂದ ಪಡೆದ ವಸ್ತುವೊಂದನ್ನು ಕಾಯಿಸಿದ. ಸುಮಾರು 145 ಡಿಗ್ರಿಯಲ್ಲಿ ಅದು ಕರಗಿ ಮಬ್ಬು ದ್ರವವಾಯಿತು. 178 ಡಿಗ್ರಿ ದಾಟಿದ ಮೇಲಷ್ಟೇ ತಿಳಿಯಾಯಿತು. ನಡುವಿನ ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ (ಲಿಕ್ವಿಡ್ ಕ್ರಿಸ್ಟಲ್, ಎಲ್‌ಸಿಡಿ ಪರದೆಯ ಹೆಸರಿನಲ್ಲಿರುವುದು ಇದೇ): ನೀರಿನಂತೆ ಹರಿಯುತ್ತದೆ, ಹರಳಿನಂತೆ ಸಾಲುಗಟ್ಟುತ್ತದೆ. 1970ರ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ಶಾಟ್ ಮತ್ತು ಹೆಲ್ಫ್ರಿಕ್ ಅದರ ಅಣುಗಳನ್ನು ತಿರುಚಿ ಎರಡು ಧ್ರುವಕ ಹಾಳೆಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳ) ನಡುವೆ ನಿಲ್ಲಿಸಿದರು. ತಿರುಚಿದ್ದಾಗ ಬೆಳಕು ದಾಟುತ್ತದೆ, ವಿದ್ಯುತ್ ಕೊಟ್ಟರೆ ಅಣುಗಳು ನೆಟ್ಟಗಾಗಿ ಬೆಳಕು ನಿಲ್ಲುತ್ತದೆ. ಕ್ಯಾಲ್ಕುಲೇಟರಿಗೂ ಕೈಗಡಿಯಾರಕ್ಕೂ ಇದು ಹೇಳಿ ಮಾಡಿಸಿದ ಉಪಾಯ. ಪ್ರತಿ ಚುಕ್ಕೆಗೂ ಒಂದೊಂದು ಟ್ರಾನ್ಸಿಸ್ಟರ್ ಕೂರಿಸಲು ಕಲಿತ ಮೇಲೆ, 1988ರಲ್ಲಿ ಶಾರ್ಪ್ ಕಂಪನಿ 14 ಇಂಚಿನ ಬಣ್ಣದ ಪರದೆಯನ್ನು ತೋರಿಸಿತು.

ಆದರೆ ದ್ರವಸ್ಫಟಿಕ ತಾನಾಗಿ ಬೆಳಗುವುದಿಲ್ಲ. ಹಿಂದೆ ದೀಪ ಸದಾ ಉರಿಯುತ್ತಿರುತ್ತದೆ, ಮುಂದೆ ಲಕ್ಷಾಂತರ ಬಾಗಿಲುಗಳು. ಕಪ್ಪು ಎಂದರೆ ಮುಚ್ಚಿದ ಬಾಗಿಲು. ಸಂದಿಯಲ್ಲಿ ಬೆಳಕು ಸೋರುತ್ತದೆ. (ಅಂಗಡಿಯಲ್ಲಿ ‘ಎಲ್‌ಇಡಿ ಟಿವಿ’ ಎಂದು ಮಾರಿದ್ದೂ ಇದನ್ನೇ. ಹಿಂದಿನ ಟ್ಯೂಬ್‌ಲೈಟ್ ಹೋಗಿ ಎಲ್‌ಇಡಿ ಬಂದಿತ್ತು, ಅಷ್ಟೇ.)

ಓರೆಯಿಂದ ನೋಡಿದಾಗ ಸೋರಿಕೆ ಹೆಚ್ಚು. ಅದಕ್ಕೆ ಸಿಕ್ಕ ಮದ್ದಿನ ಬೇರು ಬೆಂಗಳೂರಿನಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹತ್ತು ವರ್ಷ ಭೌತಶಾಸ್ತ್ರ ಕಲಿಸಿ, 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದವರು ಎಸ್. ಚಂದ್ರಶೇಖರ್. ಅಲ್ಲಿಯವರೆಗೆ ದ್ರವಸ್ಫಟಿಕದ ಅಣುವೆಂದರೆ ಕಡ್ಡಿಯಾಕಾರದ್ದು ಎಂಬುದೇ ರೂಢಿ. 1977ರಲ್ಲಿ ಅವರು ಸದಾಶಿವ, ಸುರೇಶ್ ಅವರೊಂದಿಗೆ ‘ಪ್ರಮಾಣ’ ಪತ್ರಿಕೆಯಲ್ಲಿ, ಬಿಲ್ಲೆಯಾಕಾರದ ಅಣುಗಳೂ ನಾಣ್ಯ ಪೇರಿಸಿದಂತೆ ಕಂಬಕಂಬವಾಗಿ ನಿಂತು ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಆಗ ಅದು ಶುದ್ಧ ಕುತೂಹಲದ ಸಂಗತಿ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇದೇ ಜಾತಿಯ (ಇದೇ ಅಣುವಲ್ಲ) ಬಿಲ್ಲೆಗಳನ್ನು ತೆಳು ಹಾಳೆಗೆ ಲೇಪಿಸಿತು. ಕಡ್ಡಿಗಳು ಓರೆ ಬೆಳಕಿಗೆ ಮಾಡಿದ ಏರುಪೇರನ್ನು ಬಿಲ್ಲೆಗಳು ಉಲ್ಟಾ ಮಾಡಿ ರದ್ದುಪಡಿಸಿದವು. ಎಷ್ಟೋ ಮಾನಿಟರ್‌ಗಳು ಓರೆಯಿಂದಲೂ ನೋಡುವಂತಾದದ್ದು ಈ ಹಾಳೆಯಿಂದ. ಹಿತ್ತಲ ಗಿಡದ ಗಾದೆ ನೆನಪಾಗದೆ ಇರದು.

ಬಾಗಿಲೇ ಬೇಡ, ಚುಕ್ಕೆಯೇ ಬೆಳಗಲಿ ಎಂದವರೂ ಇದ್ದರು. 1964ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಪ್ಲಾಸ್ಮಾ ಪರದೆಯ ಕಪ್ಪು ನಿಜಕ್ಕೂ ಚೆನ್ನಾಗಿತ್ತು. ಆದರೆ ವಿದ್ಯುತ್ ಕುಡಿಯುತ್ತಿತ್ತು, ಅಂಗಡಿಯ ಝಗಮಗದಲ್ಲಿ ಮಂಕಾಗಿ ಕಾಣುತ್ತಿತ್ತು. ಗಿರಾಕಿ ಟಿವಿ ಆಯ್ದುಕೊಳ್ಳುವುದು ಅಂಗಡಿಯಲ್ಲೇ ಹೊರತು ಕತ್ತಲ ಕೋಣೆಯಲ್ಲಲ್ಲ. 2013ರಲ್ಲಿ ಪ್ಯಾನಸಾನಿಕ್ ಕೂಡ ಅದನ್ನು ಕೈಬಿಡುವುದಾಗಿ ಸಾರಿತು. ಒಳ್ಳೆಯ ಚಿತ್ರ ಸೋತದ್ದು ಹೀಗೆ ಎಂಬುದು ನನ್ನ ಪಕ್ಷಪಾತದ ತೀರ್ಪು.

1987ರಲ್ಲಿ ಕೊಡಾಕ್‌ನ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ರೂಪಿಸಿದ ಓಎಲ್‌ಇಡಿಯಲ್ಲಿ ಚುಕ್ಕೆ ಪೂರ್ತಿ ಆರುತ್ತದೆ, ಕಪ್ಪು ಕಪ್ಪೇ. ಬೆಲೆ ಬೇರೆ ಕಡೆ ತೆರಬೇಕು: ಇದರ ವಸ್ತು ಸಾವಯವ (ಇಂಗಾಲದ ಸಂಯುಕ್ತ), ಉರಿದಷ್ಟೂ ಸವೆಯುತ್ತದೆ, ನೀಲಿ ಎಲ್ಲಕ್ಕಿಂತ ಬೇಗ. ದಿನವಿಡೀ ಒಂದೇ ಸುದ್ದಿವಾಹಿನಿ ಹಾಕಿಡುವ ಮನೆಯಲ್ಲಿ ವಾಹಿನಿಯ ಲಾಂಛನ ಪರದೆಯ ಮೂಲೆಯಲ್ಲಿ ಅಚ್ಚೊತ್ತಿ ಉಳಿಯಬಹುದು.

ಹಳೆಯ ಬಾಗಿಲಿನ ಬಣವೂ ಸುಮ್ಮನಿಲ್ಲ. ಹಿಂದಿನ ದೀಪವನ್ನೇ ನೂರಾರು, ಸಾವಿರಾರು ವಲಯಗಳಾಗಿ ಒಡೆದು, ಕತ್ತಲಿದ್ದ ಕಡೆ ಆರಿಸುತ್ತಾರೆ. ಫೋರ್‌ಕೆ ಪರದೆಯಲ್ಲಿ ಚುಕ್ಕೆಗಳು 82 ಲಕ್ಷಕ್ಕೂ ಹೆಚ್ಚು. ಹಾಗಾಗಿ ಕಪ್ಪು ಆಕಾಶದಲ್ಲಿ ಒಂಟಿ ನಕ್ಷತ್ರ ಮೂಡಿದಾಗ ಅದರ ಹಿಂದಿನ ಇಡೀ ವಲಯ ಹೊತ್ತಿಕೊಳ್ಳುತ್ತದೆ, ನಕ್ಷತ್ರದ ಸುತ್ತ ಬೂದು ಪ್ರಭೆಯೊಂದು ಕಾಣುತ್ತದೆ.