ಎಐ ಬರೆದ ಕೋಡನ್ನು ಓಪನ್ ಸೋರ್ಸ್‌ಗೆ ಕಳಿಸಬಹುದಾ?

ಓದುಗರ ಪ್ರಶ್ನೆ: "ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಕೋಡ್ ಕಳಿಸಬೇಕು ಅಂತ ಆಸೆ. ಎಐ ಹತ್ರ ಬರೆಸಿ ಕಳಿಸಿದರೆ ತಪ್ಪಾ? ಕೋಡ್ ಸರಿಯಾಗಿ ಓಡಿದರೆ ಸಾಕಲ್ವಾ, ಯಾರು ಬರೆದರೆ ಏನು? ಎಐ ಬಳಸಿದೆ ಅಂತ ಹೇಳಲೇಬೇಕಾ?"

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ನನಗೆ ಬರುತ್ತಲೇ ಇರುತ್ತದೆ. ಓಪನ್ ಸೋರ್ಸ್ ಅಂದ್ರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟಿರುವ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ಸಾಫ್ಟ್‌ವೇರ್. ನೇರ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ. ಆ ಪ್ರಾಜೆಕ್ಟಿನವರು ಒಪ್ಪಿದರೆ ಕಳಿಸಬಹುದು. ಎಐ ಬಳಸಿದ್ದನ್ನು ಹೇಳಲೇಬೇಕು. ಓಡಿದರೆ ಮಾತ್ರ ಸಾಲದು. ಈ ಕೊನೆಯದನ್ನೇ ಮೊದಲು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಉಳಿದ ಎರಡೂ ಅದರೊಳಗೇ ಇವೆ.

ನಾನು ನೋಡಿಕೊಳ್ಳುವ ಒಂದು ಚಿಕ್ಕ ಟೂಲ್ ಇದೆ. ಕನ್ನಡ ಲೇಖನಗಳ ಪಟ್ಟಿ ತೋರಿಸುತ್ತದೆ, ಅಷ್ಟೇ. ತಲೆಬರಹ ಉದ್ದವಾಗಿದ್ದರೆ ಕತ್ತರಿಸಿ ಕೊನೆಗೆ ಮೂರು ಚುಕ್ಕಿ ಹಾಕುವ ಕೆಲಸ ಬಾಕಿ ಇತ್ತು. ಒಬ್ಬ ಹುಡುಗ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದ. 140 ಸಾಲು, ನೀಟಾದ ಕಮೆಂಟ್‌ಗಳು, ಕೋಡ್ ಸರಿಯಿದೆಯಾ ಅಂತ ಪರೀಕ್ಷಿಸುವ 11 ಟೆಸ್ಟ್, ಎಲ್ಲವೂ ಪಾಸ್. ನಾನು 'ರಾಜ್ಯೋತ್ಸವ' ಅಂತ ಕೊಟ್ಟು, ಎಂಟಕ್ಕೆ ಕತ್ತರಿಸು ಅಂದೆ. 'ರಾಜ್ಯೋತ್…' ಅಂತ ಬಂತು. ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರದ ಪದ: ರಾ, ಜ್ಯೋ, ತ್ಸ, ವ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಲೆಕ್ಕದಲ್ಲಿ ಅದೇ ಪದ ಹತ್ತು. ತ ಒಂದು, ಒತ್ತನ್ನು ಜೋಡಿಸುವ ಚಿಹ್ನೆಯಾದ ಹಲಂತ ಒಂದು, ಸ ಒಂದು. ಕೋಡು ಆ ಹಲಂತ ಮತ್ತು ಸ ನಡುವೆಯೇ ಕತ್ತರಿ ಹಾಕಿತ್ತು. ಹಾಗಾದರೆ ಟೆಸ್ಟ್‌ಗಳು ಪಾಸಾಗಿದ್ದು ಹೇಗೆ? ಹನ್ನೊಂದೂ ಇಂಗ್ಲಿಷ್ ಪದಗಳ ಮೇಲೆ ಬರೆದಿದ್ದವು.

"ಒತ್ತಕ್ಷರ ಬಂದರೆ ಏನಾಗುತ್ತೆ ನೋಡಿದ್ರಾ?" ಅಂತ ಕೇಳಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು. ನಾಲ್ಕು ಪ್ಯಾರಾ ಇಂಗ್ಲಿಷ್. ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ಈಗ ಎಲ್ಲ ಲಿಪಿಗಳಿಗೂ ಸರಿಪಡಿಸಿದ್ದೇನೆ ಅಂತ ಇತ್ತು. ತೆರೆದು ನೋಡಿದರೆ 140 ಸಾಲು 210 ಆಗಿತ್ತು, ತ್ಸ ಹಾಗೇ ಒಡೆಯುತ್ತಿತ್ತು, ಜೊತೆಗೆ ಎಲ್ಲಿ ಎರರ್ ಬಂದರೂ ನುಂಗಿಕೊಂಡು ಸುಮ್ಮನಿರುವ ಒಂದು ಟ್ರೈ-ಎಕ್ಸೆಪ್ಟ್ ಹೊಸದಾಗಿ ಸೇರಿಕೊಂಡಿತ್ತು. ಒಂದು ಸಾಲು ತೋರಿಸಿ, ಇದು ಯಾಕೆ ಬೇಕು ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ನನ್ನ ಎರಡು ಸಂಜೆ ಹೋದವು. ಅವನು ಅದನ್ನು ಬರೆಸಲು ಐದು ನಿಮಿಷ ತೆಗೆದುಕೊಂಡಿರಬಹುದು. ತಪ್ಪು ಕೋಡ್ ಎಲ್ಲರೂ ಬರೆಯುತ್ತಾರೆ, ನಾನೂ ಬೇಕಾದಷ್ಟು ಬರೆದಿದ್ದೇನೆ. ಆದರೆ ಮೊದಲೆಲ್ಲ 140 ಸಾಲು ಬರೆದವನಿಗೆ ಆ 140 ಸಾಲಿನ ಬಗ್ಗೆ ಏನಾದರೂ ಗೊತ್ತಿರುತ್ತಿತ್ತು, ಕೇಳಿದರೆ ಸರಿಯೋ ತಪ್ಪೋ ಅವನದೇ ಒಂದು ಉತ್ತರ ಸಿಗುತ್ತಿತ್ತು, ಆ ಮಾತುಕತೆಯಲ್ಲಿ ಇಬ್ಬರೂ ಏನೋ ಕಲಿಯುತ್ತಿದ್ದೆವು. ಈಗ ಬರೆಯುವುದು ಬಿಟ್ಟಿಯಾಗಿದೆ. ಓದುವುದು ಬಿಟ್ಟಿಯಾಗಿಲ್ಲ. ಬರೆದವನೇ ಓದದಿದ್ದರೆ ಆ ಓದುವ ಕೆಲಸ ಪೂರ್ತಿ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ತಲೆ ಮೇಲೆ ಬೀಳುತ್ತದೆ, ಮತ್ತು ಅವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ಆಫೀಸಿನ ಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ ಬಂದು ಕೂತವರು.

ನನ್ನ ಚಿಕ್ಕ ಟೂಲ್ ಬಿಡಿ. ಕರ್ಲ್ ಕಥೆ ನೋಡಿ, ಇಂಟರ್ನೆಟ್ಟಿನಲ್ಲಿ ಡೇಟಾ ತರಿಸುವ, ಕಳಿಸುವ ಓಪನ್ ಸೋರ್ಸ್ ಟೂಲ್ ಅದು. ನಿಮ್ಮ ಫೋನಿನಲ್ಲಿ, ಟಿವಿಯಲ್ಲಿ, ಹೊಸ ಕಾರಿದ್ದರೆ ಕಾರಿನಲ್ಲೂ ಅದು ಇರುತ್ತದೆ. ಸ್ವೀಡನ್‌ನ ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ಅದನ್ನು ನೋಡಿಕೊಂಡು ಬಂದಿದ್ದಾರೆ. ಭದ್ರತೆಯ ಲೋಪ ಹುಡುಕಿದವರಿಗೆ ಹಣ ಕೊಡುವ ಪದ್ಧತಿಯನ್ನು 2019ರಲ್ಲಿ ಶುರು ಮಾಡಿದರು. 2023ರ ಕೊನೆಯಲ್ಲಿ ಒಂದು ರಿಪೋರ್ಟ್ ಬಂತು. ವೆಬ್‌ಸಾಕೆಟ್ ಭಾಗದಲ್ಲಿ ಮೀಸಲಿಟ್ಟ ಜಾಗ ಮೀರಿ ಡೇಟಾ ತುಂಬಿಕೊಳ್ಳುವ ಬಫರ್ ಓವರ್‌ಫ್ಲೋ ಇದೆ, ಸ್ಟ್ರಿಂಗ್ ಕಾಪಿ ಮಾಡುವ ಫಂಕ್ಷನ್ ಬಳಸಿದ್ದೀರಿ, ಅಪಾಯ ಅಂತ. ನೋಡಲು ಪಕ್ಕಾ ರಿಪೋರ್ಟ್. ಆದರೆ ಕಾಪಿ ಆಗುವ ಮೊದಲೇ ಉದ್ದ ಎಷ್ಟಿದೆ ಅಂತ ಕೋಡ್ ಪರೀಕ್ಷೆ ಮಾಡುತ್ತಿತ್ತು. ಆ ಪರೀಕ್ಷೆ ಇರುವಾಗ ಓವರ್‌ಫ್ಲೋ ಹೇಗಾಗುತ್ತದೆ ಅಂತ ಸ್ಟೆನ್‌ಬರ್ಗ್ ಕೇಳಿದರೆ, ಸೌಜನ್ಯ ತುಂಬಿದ, ಪ್ರಶ್ನೆಗೆ ಸಂಬಂಧವೇ ಇಲ್ಲದ ಉತ್ತರಗಳು ಒಂದರ ಹಿಂದೆ ಒಂದು ಬಂದವು.

2025ರ ಜುಲೈನಲ್ಲಿ ಅವರು ಬರೆದ ಲೆಕ್ಕ ಇದು: ಬರುವ ರಿಪೋರ್ಟ್‌ಗಳಲ್ಲಿ ಸುಮಾರು 20% ಎಐ ಕಸ, ನಿಜವಾದ ಲೋಪ ಇರುವುದು ಸುಮಾರು 5% ಮಾತ್ರ. ತಂಡದಲ್ಲಿ ಏಳು ಜನ. ಒಂದೊಂದು ರಿಪೋರ್ಟಿಗೆ ಮೂರು ನಾಲ್ಕು ಜನ ಕೂರಬೇಕು, ಅರ್ಧ ಗಂಟೆಯಿಂದ ಕೆಲವೊಮ್ಮೆ ಮೂರು ಗಂಟೆ. ಭದ್ರತೆಯ ರಿಪೋರ್ಟ್ ಅಂದಮೇಲೆ ಓದದೆ ಎಸೆಯುವ ಹಾಗೂ ಇಲ್ಲ, ಆ ಒಂದು ನಿಜವಾಗಿದ್ದರೆ? ಕೊನೆಗೆ 2026ರ ಜನವರಿಗೆ ಆ ಬಹುಮಾನದ ಪದ್ಧತಿಯನ್ನೇ ನಿಲ್ಲಿಸಿಬಿಟ್ಟರು. ಪ್ರಾಮಾಣಿಕವಾಗಿ ಹುಡುಕುತ್ತಿದ್ದವರಿಗೂ ಬಹುಮಾನದ ಬಾಗಿಲು ಮುಚ್ಚಿತು. ನನಗೆ ಈ ಇಡೀ ವಿಷಯದಲ್ಲಿ ಅತಿ ಬೇಸರ ತರಿಸಿದ ಸುದ್ದಿ ಅದು.

ಆದರೆ ಅದೇ ಸ್ಟೆನ್‌ಬರ್ಗ್‌ಗೆ 2025ರ ಸೆಪ್ಟೆಂಬರ್‌ನಲ್ಲಿ ಒಬ್ಬ ಭದ್ರತಾ ತಜ್ಞ ಎಐ ಟೂಲ್‌ಗಳಿಂದ ಹುಡುಕಿದ ದೋಷಗಳ ದೊಡ್ಡ ಪಟ್ಟಿ ಕಳಿಸಿದಾಗ, ಅವರು ಅದನ್ನು ಮನಸಾರೆ ಮೆಚ್ಚಿ, ಹತ್ತಾರು ತಿದ್ದುಪಡಿ ಮಾಡಿದರು. ಟೂಲ್ ಎರಡೂ ಕಡೆ ಎಐಯೇ. ಈ ಸಲ ಟೂಲ್ ಹೇಳಿದ್ದನ್ನು ಅರ್ಥ ಮಾಡಿಕೊಂಡು, ಜೊಳ್ಳು ತೂರಿ, ಕಾಳನ್ನು ಮಾತ್ರ ಕಳಿಸಿದ ಒಬ್ಬ ಮನುಷ್ಯ ನಡುವೆ ಇದ್ದ.

ಈಗ "ಯಾರು ಬರೆದರೆ ಏನು" ಅನ್ನುವುದಕ್ಕೆ ಬರೋಣ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಸೇರಿದಂತೆ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಕಮಿಟ್ (ಸೇರಿಸುವ ಒಂದೊಂದು ಬದಲಾವಣೆ) ಕೆಳಗೆ 'ಸೈನ್ಡ್-ಆಫ್-ಬೈ' ಅಂತ ಒಂದು ಸಾಲು ಹಾಕಬೇಕು. ಜಾಸ್ತಿ ಜನ ಅದನ್ನು ಒಂದು ಶಾಸ್ತ್ರ ಅಂದುಕೊಂಡಿದ್ದಾರೆ. ಎಸ್‌ಸಿಒ ಅನ್ನುವ ಕಂಪನಿ 2003ರಲ್ಲಿ ಐಬಿಎಂ ಮೇಲೆ ಕೇಸು ಹಾಕಿ, ನಮ್ಮ ಕೋಡ್ ಲಿನಕ್ಸ್‌ನಲ್ಲಿ ಸೇರಿದೆ ಅಂತ ಗಲಾಟೆ ಮಾಡಿತ್ತು. ಯಾವ ಸಾಲು ಎಲ್ಲಿಂದ ಬಂತು ಅಂತ ಹೇಳುವವರು ಬೇಕಾದರು. ಅದಕ್ಕೇ 2004ರಲ್ಲಿ ಈ ಪದ್ಧತಿ ಬಂತು. ಆ ಸಾಲು ಹಾಕಿದಿರಿ ಅಂದ್ರೆ, ಈ ಕೋಡ್ ಕೊಡುವ ಹಕ್ಕು ನನಗಿದೆ, ಇದು ಎಲ್ಲಿಂದ ಬಂತು ಅಂತ ನನಗೆ ಗೊತ್ತು ಅಂತ ಮಾತು ಕೊಟ್ಟಹಾಗೆ.

ಎಐ ಕೋಡಿನ ವಿಷಯದಲ್ಲಿ ಆ ಮಾತು ಕೊಡಲು ನಿಮ್ಮಿಂದಾಗುತ್ತದಾ? 2021ರಲ್ಲಿ ಕೋಡ್ ಬರೆದುಕೊಡುವ ಎಐ ಟೂಲ್ ಗಿಟ್‌ಹಬ್ ಕೋಪೈಲಟ್ ಹೊಸದಾಗಿ ಬಂದಾಗ, ಒಬ್ಬರು ಅದರಿಂದ ವರ್ಗಮೂಲದ ವಿಲೋಮ ಬೇಗ ಲೆಕ್ಕ ಹಾಕುವ ಫಂಕ್ಷನ್ ಬರೆಸಿದರು. ಕ್ವೇಕ್ 3 ಆಟದ ಪ್ರಸಿದ್ಧ ಕೋಡೇ ಬಂತು, ಮೂಲದಲ್ಲಿದ್ದ ಬೈಗುಳದ ಕಮೆಂಟ್ ಸಮೇತ. ಮೂಲದ ಲೈಸೆನ್ಸ್ (ಬಳಕೆಯ ಷರತ್ತು) ಜಿಪಿಎಲ್. ಕೋಪೈಲಟ್ ಅದರ ಮೇಲೆ ಬೇರೆಯದೇ ಲೈಸೆನ್ಸ್ ಬರೆದುಕೊಟ್ಟಿತ್ತು. ಜಿಪಿಎಲ್ ಕೋಡ್ ಸೇರಿಸಿ ಹಂಚಿದರೆ ನಿಮ್ಮದನ್ನೂ ಜಿಪಿಎಲ್ ಅಡಿಯಲ್ಲೇ ಕೊಡಬೇಕು, ಎಂಐಟಿ ಲೈಸೆನ್ಸ್‌ನದಾದರೆ ಕನಿಷ್ಠ ಬರೆದವರ ಹೆಸರು ಉಳಿಸಬೇಕು. ಅವರು ಹಣ ಕೇಳಿರಲಿಲ್ಲ, ಹೆಸರು ಉಳಿಸಿ ಅಂತ ಮಾತ್ರ ಕೇಳಿದ್ದರು. ಅದೂ ಅಳಿಸಿಹೋದರೆ ಬರೆದುಕೊಟ್ಟವರಿಗೆ ಹೇಗನ್ನಿಸಬೇಡ? 2022ರ ನವೆಂಬರ್‌ನಲ್ಲಿ ಕೆಲವು ಪ್ರೋಗ್ರಾಮರ್‌ಗಳು ಅಮೆರಿಕದಲ್ಲಿ ಕೋಪೈಲಟ್ ಮೇಲೆ ಕೋರ್ಟಿಗೆ ಹೋಗಿದ್ದೂ ಇದೇ ನೋವಿನಿಂದ. ಎಲ್ಲ ಸಾಲೂ ಹೀಗೆ ಎತ್ತಿಕೊಂಡು ಬಂದದ್ದಲ್ಲ, ಹೆಚ್ಚಿನವು ಅಲ್ಲ. ಯಾವುದು ಹೌದು ಯಾವುದು ಅಲ್ಲ ಅಂತ ನಿಮಗೆ ಕಾಣುವುದಿಲ್ಲ, ಕಷ್ಟ ಇರುವುದು ಅಲ್ಲಿ.

ಒಂದೊಂದು ಪ್ರಾಜೆಕ್ಟ್ ಇದಕ್ಕೆ ಒಂದೊಂದು ದಾರಿ ಹಿಡಿದಿದೆ. ಲಿನಕ್ಸ್‌ನ ಒಂದು ರೂಪವಾದ ಜೆಂಟೂ 2024ರ ಏಪ್ರಿಲ್‌ನಲ್ಲಿ ಎಐ ಕೋಡ್ ಬೇಡವೇ ಬೇಡ ಅಂದಿತು. ಕಾಪಿರೈಟ್, ಗುಣಮಟ್ಟ, ನೈತಿಕತೆ ಮೂರೂ ಕಾರಣ ಕೊಟ್ಟಿತು. ಮರುತಿಂಗಳು ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ನೆಟ್‌ಬಿಎಸ್‌ಡಿ, ಎಐ ಬರೆದದ್ದನ್ನು ಕಳಂಕಿತ ಅಂತಲೇ ಎಣಿಸುತ್ತೇವೆ, ಮೊದಲೇ ಲಿಖಿತ ಒಪ್ಪಿಗೆ ಪಡೆಯದೆ ಸೇರಿಸಬೇಡಿ ಅಂದಿತು. 2025ರಲ್ಲಿ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಕ್ಯೂಎಮು ಕೂಡ ಬೇಡ ಅಂದಿತು, ಸೈನ್ಡ್-ಆಫ್ ಮಾತು ಕೊಡಲು ಆಗುವುದಿಲ್ಲ ಅನ್ನುವ ಕಾರಣಕ್ಕೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಿನಕ್ಸ್‌ನ ಇನ್ನೊಂದು ರೂಪವಾದ ಫೆಡೋರಾ ಆಗಲಿ ಅಂದಿತು, ಆದರೆ ಹೊಣೆ ಪೂರ್ತಿ ನಿಮ್ಮದು, ಬಳಸಿದ್ದನ್ನು ತಿಳಿಸಿ ಅಂತ. ಲಿನಕ್ಸ್ ಕರ್ನಲ್‌ನವರ ನಿಯಮ ನನಗೆ ತುಂಬಾ ಹಿಡಿಸಿತು: ಟೂಲಿನ ಹೆಸರನ್ನು 'ಅಸಿಸ್ಟೆಡ್-ಬೈ' ಅಂತ ಹಾಕಿ, ಆದರೆ ಎಐ ಯಾವತ್ತೂ 'ಸೈನ್ಡ್-ಆಫ್-ಬೈ' ಹಾಕಬಾರದು, ಅದು ಮನುಷ್ಯರೇ ಕೊಡಬೇಕಾದ ಮಾತು.

"ಬೇಡ ಅಂದರೂ ಅವರಿಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳುವವರಿದ್ದಾರೆ. ಗೊತ್ತಾಗದೇ ಇರಬಹುದು. ಒಬ್ಬರ ಮನೆಯಲ್ಲಿ ಚಪ್ಪಲಿ ಹೊರಗೆ ಬಿಡಿ ಅಂದರೆ, ಯಾರೂ ನೋಡುತ್ತಿಲ್ಲ ಅಂತ ಹಾಕಿಕೊಂಡು ಒಳಗೆ ಹೋಗುತ್ತೀರಾ? ನನಗೆ ಪೂರ್ತಿ ನಿಷೇಧ ಸರಿ ಅನಿಸುವುದಿಲ್ಲ, ನನ್ನ ಟೂಲಿನಲ್ಲಿ ನಾನು ನಿಷೇಧ ಹಾಕಿಲ್ಲ. ಆದರೆ ಜೆಂಟೂಗೆ ಏನಾದರೂ ಕಳಿಸುವುದಾದರೆ ನಾನೇ ಕೂತು ಬರೆಯುತ್ತೇನೆ.

ಒಪ್ಪುವ ಕಡೆಯೂ ಯಾಕೆ ಹೇಳಬೇಕು ಅಂದ್ರೆ, ಓದುವವರು ಎಲ್ಲಿ ಕಣ್ಣಿಡಬೇಕು ಅನ್ನುವುದು ಅದರಿಂದ ಬದಲಾಗುತ್ತದೆ. ಹೊಸಬರ ಕೋಡಿನಲ್ಲಿ ತಪ್ಪಿದ್ದರೆ ಸಾಮಾನ್ಯವಾಗಿ ಎದ್ದು ಕಾಣುತ್ತದೆ. ಎಐ ಕೋಡಿನಲ್ಲಿ ತಪ್ಪು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬರುತ್ತದೆ. ಇಲ್ಲದ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಹೆಸರನ್ನೂ ಅದು ನಂಬುವಂತೆ ಬರೆಯುತ್ತದೆ. ಮೊದಲೇ ಹೇಳಿದ್ದರೆ ನಾನು ಟೆಸ್ಟ್ ಪಾಸಾಯಿತು ಅಂತ ನೆಚ್ಚಿಕೊಳ್ಳದೆ, ಟೆಸ್ಟ್ ಏನನ್ನು ಪರೀಕ್ಷಿಸುತ್ತಿದೆ ಅಂತ ಮೊದಲು ನೋಡುತ್ತಿದ್ದೆ.

ಕನ್ನಡದ ಕೆಲಸದಲ್ಲಂತೂ ಇದು ಇನ್ನೂ ಮುಖ್ಯ. ಸಾಫ್ಟ್‌ವೇರ್ ಮೆನುಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೂ ಈಗ ಯಂತ್ರದಲ್ಲಿ ಮಾಡಿಸಿದ್ದು ಬರುತ್ತದೆ. ಡಿಸ್ಕ್‌ನಲ್ಲಿ ಉಳಿದಿರುವ 'ಫ್ರೀ ಸ್ಪೇಸ್' ಅನ್ನುವುದು 'ಉಚಿತ ಸ್ಥಳ' ಆಗಿ ಬಂದದ್ದನ್ನು ನಾನೇ ತಿದ್ದಿದ್ದೇನೆ. 'ಖಾಲಿ ಜಾಗ' ಅಂದರೆ ಮುಗಿಯಿತಲ್ವಾ. ದೊಡ್ಡ ಪ್ರಾಜೆಕ್ಟಿನ ಕೋಡನ್ನು ನೋಡಲು ಹತ್ತು ಜನ ಇರಬಹುದು, ಅದರ ಕನ್ನಡವನ್ನು ನೋಡಲು ಒಬ್ಬರು ಸಿಕ್ಕರೆ ಪುಣ್ಯ. ಆ ಒಬ್ಬರ ಮೇಲೆ ಒಂದೇ ದಿನ ಎರಡು ಸಾವಿರ ಸಾಲು ಸುರಿದರೆ ಒಂದೋ ಕಣ್ಣು ಮುಚ್ಚಿ ಒಪ್ಪುತ್ತಾರೆ, ಇಲ್ಲ ಕೆಲಸವನ್ನೇ ಬಿಟ್ಟು ಹೋಗುತ್ತಾರೆ.

ನೀವು ವಿದ್ಯಾರ್ಥಿ ಆದ್ದರಿಂದ ಇದೊಂದನ್ನು ಹೇಳಲೇಬೇಕು. ಪ್ಲೇಸ್‌ಮೆಂಟ್‌ಗೆ ಗಿಟ್‌ಹಬ್ ಪ್ರೊಫೈಲ್ ಹಸಿರಾಗಿರಬೇಕು, ಅಂದ್ರೆ ಅಲ್ಲಿ ದಿನವೂ ಕೋಡ್ ಕಳಿಸಿದ್ದು ಕಾಣಬೇಕು ಅನ್ನುವ ಒತ್ತಡ ನನಗೆ ಗೊತ್ತು. ಇದು ಎಐ ಜೊತೆ ಹುಟ್ಟಿದ್ದಲ್ಲ. ಅಕ್ಟೋಬರ್‌ನಲ್ಲಿ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಬಹುಮಾನ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ ಒಂದು ಟಿ-ಶರ್ಟ್‌ಗಾಗಿ ಬಂದ ಕಸದ ರಿಕ್ವೆಸ್ಟ್‌ಗಳಿಂದ ಮೇಂಟೇನರ್‌ಗಳು ಬೇಸತ್ತರು, ನಡೆಸುವವರು ನಿಯಮವನ್ನೇ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಅನ್ನುವ ವೆಬ್ ಪ್ರಾಜೆಕ್ಟಿನ ಪರಿಚಯದ ರೀಡ್‌ಮೀ ಫೈಲಿಗೆ ಸುಮ್ನೆ ತಮ್ಮ ಹೆಸರು ಸೇರಿಸುವ ರಿಕ್ವೆಸ್ಟ್‌ಗಳು ರಾಶಿ ಬಿದ್ದವು, ಒಂದು ವಿಡಿಯೋ ಪಾಠ ನೋಡಿ ಕಳಿಸಿದವು, ಹೆಚ್ಚಿನವು ನಮ್ಮ ದೇಶದ ವಿದ್ಯಾರ್ಥಿಗಳವೇ. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಯಾರೂ ಅವರಿಗೆ ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

'ಗುಡ್ ಫಸ್ಟ್ ಇಶ್ಯೂ' ಅಂತ ಚೀಟಿ ಅಂಟಿಸಿದ ಕೆಲಸಗಳು ಇರುತ್ತವಲ್ಲ, ಅವನ್ನು ಮೇಂಟೇನರ್ ಹತ್ತು ನಿಮಿಷದಲ್ಲಿ ಮಾಡಿ ಮುಗಿಸಬಹುದು. ಎಐ ಅವರ ಹತ್ತಿರವೂ ಇದೆ. ಹಾಗಿದ್ದರೂ ಬಿಟ್ಟಿರುತ್ತಾರೆ, ನಿಮ್ಮಂಥವರು ಬಂದು ಕಲಿಯಲಿ ಅಂತ. ಅದನ್ನು ಎಐಗೆ ಕೊಟ್ಟು ಮಾಡಿಸಿದರೆ ನಿಮಗಾಗಿ ತೆಗೆದಿಟ್ಟ ಊಟವನ್ನು ನೀವೇ ಉಣ್ಣದೆ ಹೋದಂತೆ. ಕೋಡನ್ನು ಯಂತ್ರಭಾಷೆಗೆ ತರುವ ಟೂಲ್‌ಗಳ ಪ್ರಾಜೆಕ್ಟ್ ಎಲ್‌ಎಲ್‌ವಿಎಂನವರು ಇಂಥ ಕೆಲಸಗಳಿಗೆ ಎಐ ಬಳಸಬೇಡಿ ಅಂತ ನಿಯಮದಲ್ಲೇ ಹೇಳಿದ್ದಾರೆ.

ಇನ್ನು ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಜನ ಕೋಡ್ ತಾವೇ ಬರೆದು, ವಿವರಣೆಯನ್ನು ಮಾತ್ರ ಎಐ ಹತ್ರ ಬರೆಸುತ್ತಾರೆ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಮೂರು ಪುಟದ ಥಳಕಿನ ವಿವರಣೆ ನೋಡಿದ ಕೂಡಲೇ ಈಗ ಮೇಂಟೇನರ್‌ಗಳು ಮುಖ ತಿರುಗಿಸುತ್ತಾರೆ, ನಿಮ್ಮ ಸ್ವಂತ ಕೆಲಸವೂ ಕಸದ ಲೆಕ್ಕಕ್ಕೆ ಹೋಗುತ್ತದೆ. ನಾಲ್ಕು ಸಾಲು ಬರೆಯಿರಿ. ವ್ಯಾಕರಣ ತಪ್ಪಿದ್ದರೂ ಪರವಾಗಿಲ್ಲ. ಏನು ಕೆಟ್ಟಿತ್ತು, ಏನು ಬದಲಿಸಿದೆ, ಏನು ಪರೀಕ್ಷಿಸಿದೆ, ಯಾವುದು ಅರ್ಥವಾಗಿಲ್ಲ. ಕೊನೆಯದನ್ನು ಬರೆಯಲು ಹೆಚ್ಚಿನವರಿಗೆ ನಾಚಿಕೆ. ನನಗೆ ಬಹಳ ಉಪಯೋಗಕ್ಕೆ ಬರುವುದು ಅದೇ.

ರಾಜ್ಯೋತ್ಸವದ ಹುಡುಗ ಮೂರು ವಾರ ಬಿಟ್ಟು ಮತ್ತೆ ಬಂದ. ಈ ಸಲ 14 ಸಾಲು. ಕೆಳಗೆ ಕನ್ನಡದಲ್ಲಿ ಬರೆದಿದ್ದ: "ಎಐ ಸಹಾಯ ತಗೊಂಡಿದ್ದೇನೆ ಸರ್. ಪ್ರತಿ ಸಾಲೂ ಓದಿದ್ದೇನೆ. ರಾಜ್ಯೋತ್ಸವ, ಸ್ತ್ರೀ, ಲಕ್ಷ್ಮಿ ಮೂರನ್ನೂ ಎಲ್ಲ ಉದ್ದಕ್ಕೂ ಕತ್ತರಿಸಿ ನೋಡಿದೆ, ಒತ್ತು ಒಡೆಯುವುದಿಲ್ಲ. 'ಸಾಫ್ಟ್‌ವೇರ್' ಅನ್ನುವುದರಲ್ಲಿ ಟ್ ಆದಮೇಲೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇದೆ, ಅದು ಯಾಕೆ ಅಂತ ಗೊತ್ತಾಗಲಿಲ್ಲ, ಅದನ್ನು ಮುಟ್ಟಿಲ್ಲ."

ಅದು ವ ಅಕ್ಷರ ಹಿಂದಿನದಕ್ಕೆ ಒತ್ತಾಗಿ ಕೂರದಂತೆ ತಡೆಯುವ ಕ್ಯಾರೆಕ್ಟರ್. ಅದನ್ನು ಅವನಿಗೆ ಬರೆದು ತಿಳಿಸಿದೆ. ಅದಕ್ಕೊಂದು ಟೆಸ್ಟ್ ಸೇರಿಸಿದ. ಅವತ್ತು ರಾತ್ರಿಯೇ ಮರ್ಜ್ ಮಾಡಿ ಟೂಲಿಗೆ ಸೇರಿಸಿಕೊಂಡೆ.