ಕಾರಂತರು ‘ಬರೆದಿದ್ದಾರೆ’: ಜೀವನಕಥೆಗಳ ಮೂಲಕ ಇಂಗ್ಲಿಷಿನ ಕಾಲಗಳು

ಬಿ.ಎಡ್. ಅಭ್ಯಾಸ ಬೋಧನೆಗಾಗಿ ಉಡುಪಿ ಸಮೀಪದ ಶಾಲೆಯೊಂದರ ಒಂಬತ್ತನೆಯ ತರಗತಿಗೆ ಹೋಗಿದ್ದಾಗ, ಕೋಟದ ಶಿವರಾಮ ಕಾರಂತರ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಲು ಮಕ್ಕಳಿಗೆ ಹೇಳಿದೆ. ಹೆಚ್ಚಿನವರು ‘ಕಾರಂತ್ ಹ್ಯಾಸ್ ರಿಟನ್ ಮೆನಿ ನಾವೆಲ್ಸ್’ ಎಂದೇ ಬರೆದರು. ಇದನ್ನು ಅಜಾಗರೂಕತೆ ಎನ್ನಲಾಗದು. ‘ಕಾರಂತರು ಅನೇಕ ಕಾದಂಬರಿಗಳನ್ನು ಬರೆದಿದ್ದಾರೆ’ ಎಂಬ ಕನ್ನಡ ವಾಕ್ಯ ಸಹಜವಾಗಿಯೇ ಇದೆ; ಬರೆದವರು ಈಗ ಬದುಕಿದ್ದಾರೆಯೇ ಎಂದು ನಮ್ಮ ಕ್ರಿಯಾಪದ ವಿಚಾರಿಸುವುದಿಲ್ಲ. ಇಂಗ್ಲಿಷಿನ ಕ್ರಿಯಾಪದ ವಿಚಾರಿಸುತ್ತದೆ. 1902ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡವರ ಬದುಕು ಮುಗಿದ ಅವಧಿಯಾದ್ದರಿಂದ ಅಲ್ಲಿ ಸಾಮಾನ್ಯವಾಗಿ ‘ರೋಟ್’ ಎಂದೇ ಬರಬೇಕು.

ಆದುದರಿಂದ ಕಾರಂತರ ಪಕ್ಕದಲ್ಲಿ ಹರೇಕಳ ಹಾಜಬ್ಬರ ಕಥೆಯನ್ನಿಡುವುದು ಉಪಯುಕ್ತ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಉಳಿಸಿದ ಹಣದಿಂದ ಊರಿಗೊಂದು ಶಾಲೆ ಕಟ್ಟಿಸಲು ಹೊರಟ ಅವರು ನಮ್ಮ ನಡುವೆಯೇ ಇರುವವರು; ‘ಹಿ ಹ್ಯಾಸ್ ವನ್ ದ ಪದ್ಮಶ್ರೀ’ ಎಂಬ ವಾಕ್ಯ ಅವರಿಗೆ ಒಪ್ಪುತ್ತದೆ. ಆದರೆ 2020 ಎಂಬ ವರ್ಷವನ್ನು ಸೇರಿಸಿದೊಡನೆ ‘ಹ್ಯಾಸ್’ ಬಿಟ್ಟುಹೋಗಿ ‘ವನ್’ ಮಾತ್ರ ಉಳಿಯುತ್ತದೆ. ಕನ್ನಡದಲ್ಲಿ ‘2020ರಲ್ಲಿ ಪಡೆದಿದ್ದಾರೆ’ ಎನ್ನಲು ಅಡ್ಡಿಯಿಲ್ಲ, ಗೊಂದಲದ ಬೇರು ಇಲ್ಲಿಯೇ ಇದೆ. ತುಳುವಿನಲ್ಲೂ ‘ಬತ್ತೆ’ (ಬಂದ), ‘ಬೈದೆ’ (ಬಂದಿದ್ದಾನೆ) ಎಂಬ ಎರಡು ರೂಪಗಳಿರುವುದರಿಂದ ಮಕ್ಕಳಿಗೆ ಎರಡು ರೂಪಗಳು ಹೊಸತಲ್ಲ. ಅವುಗಳ ಗಡಿ ಎಲ್ಲಿ ಬೀಳುತ್ತದೆ ಎಂಬುದಷ್ಟೇ ಹೊಸತು.

‘ಹ್ಯಾಡ್’ ವಿಷಯದಲ್ಲಿ ‘ನಿನ್ನೆ ಮಲ್ಪೆಗೆ ಹೋಗಿದ್ದೆ’ ಎಂಬ ಮಾತು ‘ಐ ವೆಂಟ್’ ಆಗುವ ಬದಲು ‘ಐ ಹ್ಯಾಡ್ ಗಾನ್’ ಆಗಿಬಿಡುತ್ತದೆ. ಇದಕ್ಕೆ ಎರಡು ಘಟನೆಗಳುಳ್ಳ ವಾಕ್ಯವೇ ಮದ್ದು: ಕಾರಂತರಿಗೆ ಜ್ಞಾನಪೀಠ ಪ್ರಶಸ್ತಿ ದೊರೆತಾಗ, ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣವನ್ನು ಆಗಲೇ ಹಿಂತಿರುಗಿಸಿದ್ದರು. ಮೊದಲು ನಡೆದದ್ದಕ್ಕೆ ‘ಹ್ಯಾಡ್ ರಿಟರ್ನ್ಡ್’, ನಂತರದ್ದಕ್ಕೆ ‘ರಿಸೀವ್ಡ್’. ಒಂದೇ ಘಟನೆಯಿದ್ದರೆ ‘ಹ್ಯಾಡ್’ ಬೇಡವೆಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಭವಿಷ್ಯತ್ಕಾಲಕ್ಕೆ ಜೀವನಕಥೆಗಳು ಅಷ್ಟಾಗಿ ಒದಗುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ.

ನನ್ನ ಮಟ್ಟಿಗೆ ಹೆಚ್ಚು ಫಲ ಕೊಟ್ಟದ್ದು ಮನೆಯ ಹಿರಿಯರನ್ನು ಮಾತನಾಡಿಸಿ ಬರೆಯುವ ಅಭ್ಯಾಸ. ‘ಅಜ್ಜಿ ಇಪ್ಪತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದಾರೆ’ ಎಂಬುದನ್ನು ಹುಡುಗಿಯೊಬ್ಬಳು ‘ಈಸ್ ರೋಲಿಂಗ್ ಸಿನ್ಸ್ ಟ್ವೆಂಟಿ ಇಯರ್ಸ್’ ಎಂದು ಬರೆದಿದ್ದಳು. ಕನ್ನಡದ ‘ಇಂದ’ ಎಂಬ ಒಂದೇ ಪ್ರತ್ಯಯ ಇಂಗ್ಲಿಷಿನಲ್ಲಿ ಎರಡಾಗಿ ಒಡೆಯುತ್ತದೆ. ಅವಧಿಯನ್ನು ಹೇಳುವಾಗ ‘ಫಾರ್’, ಆರಂಭದ ವರ್ಷವನ್ನು ಹೇಳುವಾಗ ‘ಸಿನ್ಸ್’, ಮತ್ತು ಕೆಲಸ ಇಂದಿಗೂ ನಡೆಯುತ್ತಿದ್ದರೆ ಎರಡಕ್ಕೂ ‘ಹ್ಯಾಸ್ ಬೀನ್ ರೋಲಿಂಗ್’. ಅವಳ ಪಕ್ಕದಲ್ಲಿದ್ದವಳ ಅಜ್ಜಿಯೂ ಇಪ್ಪತ್ತು ವರ್ಷ ಬೀಡಿ ಕಟ್ಟಿದವರೇ, ಆದರೆ ಕಣ್ಣು ಮಂಜಾದ ಮೇಲೆ ನಿಲ್ಲಿಸಿದ್ದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, ನಾನು ಹೇಳುವ ಮೊದಲೇ ‘ಹ್ಯಾಸ್ ಬೀನ್’ ಎಂಬುದನ್ನು ಹೊಡೆದುಹಾಕಿ ‘ರೋಲ್ಡ್’ ಎಂದು ತಿದ್ದಿದಳು.